ಸ್ವಾತಿ ಕಳೆದ ಮೇಲಿನ ಟೈರು

ಶಿಷ್ಯ ಕೇಳಿದ: "ಗುರುಗಳೇ, ನಮ್ಮ ಸೀಮೆಯಲ್ಲಿ ಮಳೆ ಬೀಳುವುದೇ ವರ್ಷಕ್ಕೆ ಇಪ್ಪತ್ತು ದಿನ. ಚಳಿಯೂ ಅಷ್ಟಕ್ಕಷ್ಟೆ. ಆದರೂ ಶಾಲೆಗೆ ಮಕ್ಕಳನ್ನು ಕರೆತರುವ ಮಠದ ವ್ಯಾನಿಗೆ ಎಲ್ಲ ಕಾಲಕ್ಕೂ ತಡೆಯುವ ಟೈರನ್ನೇ ಹಾಕಿಸಬೇಕು ಎಂದು ಡ್ರೈವರು ಹಟ ಹಿಡಿದಿದ್ದಾನೆ. ಇಪ್ಪತ್ತು ದಿನದ ಸಲುವಾಗಿ ವರ್ಷವಿಡೀ ಅಂಥ ಟೈರು ಬೇಕೆ?"

ಗುರುಗಳು ಒಂದು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಜೀಪಿನವನಿದ್ದ. ಅವನ ಊರಿಂದ ಪೇಟೆಗೆ ಹೋಗಲು ಒಂದು ಕಲ್ಲುಗುಡ್ಡ ಇಳಿಯಬೇಕು. ಆ ದಾರಿಯಲ್ಲಿ ದಿನಕ್ಕೆ ನಾಲ್ಕು ಸಲ ಜನರನ್ನು ಕೂರಿಸಿಕೊಂಡು ಓಡಾಡುವುದು ಅವನ ಕಸುಬು. ಕುಡಿಯುವವನಲ್ಲ, ಜೋರಾಗಿ ಓಡಿಸುವವನಲ್ಲ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಅವನನ್ನು ಬೈದು ನೀನು ಕೈತೊಳೆದುಕೊಳ್ಳಬಾರದು.

ಅವನ ಬಳಿ ಎರಡು ಸೆಟ್ಟು ಟೈರುಗಳಿದ್ದವು. ಒಂದು ಹೊಸದು, ಆಳವಾದ ಗೀರುಗಳುಳ್ಳದ್ದು. ಇನ್ನೊಂದು ಸವೆದು ಬೋಳಾಗುತ್ತ ಬಂದದ್ದು. ಮೃಗಶಿರಾ ಮಳೆ, ಊರವರ ಬಾಯಲ್ಲಿ ಮಿರಗ, ಕೂಡಿದ ದಿನ ಹೊಸ ಟೈರು ಹಾಕುತ್ತಿದ್ದ, ಸ್ವಾತಿ ಮಳೆ ಕಳೆದ ಮರುದಿನ ಬಿಚ್ಚಿ ಅಟ್ಟಕ್ಕೇರಿಸುತ್ತಿದ್ದ. ರೈತರು ಬಿತ್ತನೆಗೆ ಪಂಚಾಂಗ ನೋಡಿದರೆ ಇವನು ಟೈರಿಗೆ ನೋಡುತ್ತಿದ್ದ. ಬಿಸಿಲಿಗೆ ಕಾದ ಕಲ್ಲುದಾರಿ ಹೊಸ ಟೈರನ್ನು ತಿಂದುಹಾಕುತ್ತದೆ, ಮಳೆಯ ಟೈರನ್ನು ಬಿಸಿಲಲ್ಲಿ ಯಾಕೆ ಸವೆಸಬೇಕು ಎಂಬುದು ಅವನ ವಾದ. ವಾದದಲ್ಲಿ ಹುಳುಕೇನೂ ಇರಲಿಲ್ಲ. ಆಯುಧಪೂಜೆಯ ದಿನ ಮಾತ್ರ ಭೇದ ಮಾಡದೆ ಎರಡು ಸೆಟ್ಟಿಗೂ ಕುಂಕುಮ ಹಚ್ಚುತ್ತಿದ್ದ.

ಒಂದು ವರ್ಷ ಸ್ವಾತಿ ಕಳೆಯಿತು. ಜೀಪಿನವನು ಎಂದಿನಂತೆ ಪಂಕ್ಚರ್ ಅಂಗಡಿಗೆ ಬಂದು ಟೈರು ಬದಲಿಸಲು ಹೇಳಿದ. ಅಂಗಡಿಯವನು ಹಳೆಯ ಟೈರಿನ ಮೇಲೆ ಅಂಗೈ ಸವರಿ ನೋಡಿದ.

"ಯಣ್ಣಾ, ಇದು ನನ್ನ ತಲಿಗಿಂತ ನುಣ್ಣಗಾಗೈತಿ. ಚಲೋ ಟೈರು ಅಟ್ಟದ ಮ್ಯಾಲ, ಬೋಳು ಟೈರು ಗಾಲಿಗೆ. ಮಳಿ ಏನು ನಿನ್ನ ಪಂಚಾಂಗ ಓದ್ಕೊಂಡು ಬರ್ತೈತೇನು?"

"ಹನ್ನೆರಡು ವರ್ಷದಿಂದ ಎಣಿಸಾಕ ಹತ್ತೀನಿ," ಎಂದ ಜೀಪಿನವನು. "ಸ್ವಾತಿ ಕಳದ ಮ್ಯಾಲ ಮಿರಗ ಕೂಡೂತನಕ ಈ ಗುಡ್ಡದಾಗ ಹನಿ ಬಿದ್ದದ್ದು ಎಲ್ಲಾ ವರ್ಷ ಕೂಡಿ ನಾಕ ದಿನ. ನಾಕ ದಿನಕ್ಕ ಹೆದರಿ ಬದುಕಾಕ ಆಗ್ತೈತೇನು?"

ಹನ್ನೆರಡು ವರ್ಷ ಎಣಿಸಿದವನ ಮುಂದೆ ಎಣಿಸದವನು ಏನು ಹೇಳಿಯಾನು? ಅಂಗಡಿಯವನು ಬೋಳು ಟೈರು ಹಾಕಿಕೊಟ್ಟ.

ಪುಷ್ಯ ಮಾಸ ಬಂತು. ಒಂದು ಬೆಳಗ್ಗೆ ಆಕಾಶ ಮಬ್ಬಾಗಿತ್ತು. ಗುಡ್ಡದ ತಲೆಯ ಮೇಲೆ, ದಾರಿ ಇಳಿಯುವಲ್ಲಿ, ಒಬ್ಬ ಮುದುಕಿ ನಿಂತಿದ್ದಳು. ಹುಲಿಗೆವ್ವ ಎಂದು ಅವಳ ಹೆಸರು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವವಳು. ಮಗಳು ಪೇಟೆಯಲ್ಲಿ ಹಡೆದಿದ್ದಳು. ಕೂಸಿಗೆಂದು ಹೊಲಿದ ಕೌದಿ ಅವಳ ತಲೆಯ ಮೇಲಿತ್ತು. ಹುಟ್ಟಿದಾಗಿನಿಂದ ಆ ಗುಡ್ಡವನ್ನು ಕಾಲಲ್ಲೇ ಇಳಿದವಳು, ಒಮ್ಮೆಯೂ ಜೀಪು ಹತ್ತಿದವಳಲ್ಲ. ಅಂದು ಕೈ ಅಡ್ಡ ಹಿಡಿದಳು.

"ತಮ್ಮಾ, ಮ್ವಾಡ ಆಗೈತಿ. ನಡಕೊಂಡು ಹೋದರ ಕೌದಿ ತೊಯ್ತೈತಿ. ಹಸಿ ಕೌದಿ ಕೂಸಿಗೆ ಹ್ಯಾಂಗ ಹೊದಸೂದು?"

ಜೀಪಿನವನು ನಕ್ಕ. "ಮಗ ಉಂಡರ ಕೇಡಲ್ಲ, ಮಳಿ ಬಂದರ ಕೇಡಲ್ಲ. ಹತ್ತಬೇ ಯವ್ವಾ." ತಾನೇ ಕೆಳಗಿಳಿದು, ಕೌದಿ ಇಸಿದುಕೊಂಡು, ಅವಳನ್ನು ಬಾಗಿಲ ಪಕ್ಕದ ಒಳ್ಳೆಯ ಜಾಗದಲ್ಲಿ ಕೂರಿಸಿದ. ಮೊದಲೇ ಕೂತಿದ್ದ ಐದು ಮಂದಿ ಸರಿದು ಜಾಗ ಬಿಟ್ಟರು.

ಎರಡು ತಿರುವು ಇಳಿದಿದ್ದರು. ಗಾಜಿನ ಮೇಲೆ ಹನಿ ಬಿತ್ತು. ಜೀಪಿನವನ ಮನಸ್ಸಿಗೆ ಮೊದಲು ಬಂದದ್ದು ಭಯವಲ್ಲ; ಇದು ಐದನೆಯದು ಎಂಬ ಎಣಿಕೆ. ನಿಲ್ಲಿಸಬಹುದಿತ್ತು. ಆದರೆ ಬಿದ್ದದ್ದು ತುಂತುರು, ಅಷ್ಟಕ್ಕೆಲ್ಲ ಯಾರು ನಿಲ್ಲಿಸುತ್ತಾರೆ? ದೊಡ್ಡ ಮಳೆ ದಾರಿಯನ್ನು ತೊಳೆಯುತ್ತದೆ, ಸಣ್ಣ ಮಳೆ ಬರೀ ಸವರುತ್ತದೆ. ಎರಡು ತಿಂಗಳ ಧೂಳು, ಕಲ್ಲಿನ ಲಾರಿಗಳು ಸೋರಿಸಿದ ಎಣ್ಣೆ, ಅದರ ಮೇಲೆ ಈ ನಾಲ್ಕು ಹನಿ. ಮೂರನೆಯ ತಿರುವಿನಲ್ಲಿ ಮೆಲ್ಲಗೆ ಬ್ರೇಕು ತುಳಿದ. ಗಾಲಿ ನಿಂತವು, ಜೀಪು ನಿಲ್ಲಲಿಲ್ಲ. ಅಡ್ಡಡ್ಡವಾಗಿ ಜಾರಿ, ತಿರುವಿನಲ್ಲಿದ್ದ ಕಿರುಸೇತುವೆಯ ಮೋಟುಗೋಡೆಗೆ ಬಡಿದು, ಬಾಗಿಲಿನ ಮಗ್ಗುಲಿಗೆ ಮಗುಚಿಕೊಂಡಿತು.

ಜೀಪಿನವನೂ ಆ ಐದು ಮಂದಿಯೂ ಗಾಯಗೊಂಡು ಹೊರಗೆ ಬಂದರು. ಹುಲಿಗೆವ್ವ ಬರಲಿಲ್ಲ. ಜನ ಸೇರಿ ಜೀಪು ಎತ್ತುವ ಹೊತ್ತಿಗೆ ಮೋಡ ಚೆದುರಿ ಬಿಸಿಲು ಬಿದ್ದಿತ್ತು, ದಾರಿ ಒಣಗಿತ್ತು. ತಡವಾಗಿ ಬಂದವರು, ಇಷ್ಟು ಒಣ ದಾರಿಯಲ್ಲಿ ಜೀಪು ಬಿದ್ದದ್ದು ಹೇಗೆ ಎಂದು ಕೇಳಿದರು. ಜೀಪಿನವನು ಬಿದ್ದಿದ್ದ ಕೌದಿಯನ್ನು ಎತ್ತಿಕೊಂಡ.

ಮೂರನೆಯ ದಿನ ಅವನು ಕೌದಿ ಹಿಡಿದುಕೊಂಡು ಅವಳ ಮನೆಗೆ ಹೋದ. ಬೈಯಲಿ, ಹೊಡೆಯಲಿ ಎಂದೇ ಹೋದ. ಅವಳ ಗಂಡ, ಮುದುಕ, ಕಟ್ಟೆಯ ಮೇಲೆ ಕುಳಿತಿದ್ದ. ಬೈಯಲಿಲ್ಲ. "ಆಕಿ ಕಡೀಕ ಏನರ ಅಂದಳೇನು ತಮ್ಮಾ?" ಎಂದು ಕೇಳಿದ.

"ಕೌದಿ ತೊಯ್ದೈತೇನು ನೋಡು ಅಂದಳು ಯಜ್ಜಾ. ತೊಯ್ದಿರಲಿಲ್ಲ."

ಮುದುಕ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದ. ಅದು ನಿಜವಾಗಿಯೂ ತೊಯ್ದಿರಲಿಲ್ಲ. ಅಂಥ ಮಳೆ ಅದು. ಆಗ ಜೀಪಿನವನ ಎದೆ ಒಡೆಯಿತು. ಅಂಗಳದಲ್ಲೇ ಕುಕ್ಕರಿಸಿ ಅತ್ತ.

ಆಮೇಲೆ ಅವನು ಜೀಪು ಮುಟ್ಟಲಿಲ್ಲ. ಆದರೆ ಎಣಿಸುವುದನ್ನು ಬಿಡಲೂ ಆಗಲಿಲ್ಲ. ಉಣ್ಣುವಾಗ, ಮಲಗುವಾಗ, ಆ ಹದಿಮೂರು ವರ್ಷಗಳನ್ನು ಮತ್ತೆ ಮತ್ತೆ ಎಣಿಸುತ್ತಾನೆ. ಪ್ರತಿ ಸಲವೂ ಐದೇ ದಿನ ಬರುತ್ತದೆ. ಸಾವಿರಾರು ದಿನಗಳಲ್ಲಿ ಐದು. ಎಲ್ಲಿ ತಪ್ಪಿದೆ ಎಂದು ಸಿಕ್ಕವರನ್ನೆಲ್ಲ ನಿಲ್ಲಿಸಿ ಕೇಳುತ್ತಾನೆ. ಜನ ಪಾಪ ಎನ್ನುತ್ತಾರೆ, ದಾಟಿಕೊಂಡು ಹೋಗುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಾನೂ ಒಮ್ಮೆ ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದ. ತಪ್ಪು ಅವನಿಗೂ ಸಿಗಲಿಲ್ಲ.

"ಅವನ ಲೆಕ್ಕ ಸರಿಯಾಗಿಯೇ ಇದೆಯಲ್ಲ, ಗುರುಗಳೇ?"

"ಸರಿಯಾಗಿಯೇ ಇದೆ, ಆದರೆ ಆ ಹದಿಮೂರು ವರ್ಷ ಅವನದು, ಹುಲಿಗೆವ್ವ ಜೀಪು ಹತ್ತಿದ್ದು ಒಂದೇ ದಿನ."