ಬೇಲಿ ಬದಿಯ ಗೆಡ್ಡೆ

ನನ್ನ ಹಳೆಯ ದಿನಚರಿಯಲ್ಲಿ ೧೯೭೧ನೆಯ ಇಸವಿ ನವೆಂಬರ್ ೧೪, ಭಾನುವಾರ ಎಂಬ ತಾರೀಖಿನ ಕೆಳಗೆ ಒಂದು ಪ್ರಶ್ನೆ ಇದೆ. ಕೇಳಿದವಳು ವಿಮಲಾಕ್ಷಿ. ನನ್ನ ಜೊತೆಯಲ್ಲೇ ಬಿ.ಎಸ್‌ಸಿ. ಮುಗಿಸಿ ಹೈಸ್ಕೂಲಿನಲ್ಲಿ ಪಾಠ ಹೇಳಲು ಸೇರಿದ್ದಳು. ಕೇಳಿದ್ದು ನಮ್ಮಿಬ್ಬರಿಗೂ ಭಾನುವಾರ ಭಾನುವಾರ ಉಪನಿಷತ್ತು ಹೇಳಿಕೊಡುತ್ತಿದ್ದ ಕಾತ್ಯಾಯಿನಮ್ಮನವರನ್ನು.

"ಅಮ್ಮಾ, ನನಗೆ ಉತ್ತರ ಬಾರದ ಪ್ರಶ್ನೆಯನ್ನು ಮಕ್ಕಳು ಕೇಳಿದರೆ, ಅವರೆದುರು ಹಗುರಾಗದೆ ಉಳಿಯುವುದು ಹೇಗೆ?"

ಕಾತ್ಯಾಯಿನಮ್ಮನವರು ಹೇಳಿದ ಕತೆಯನ್ನು ಆ ಸಂಜೆಯೇ ಬರೆದಿಟ್ಟಿದ್ದೇನೆ. ನನ್ನದೆಂದು ಒಂದು ಮಾತನ್ನೂ ಸೇರಿಸಿಲ್ಲ.

ಒಬ್ಬ ಗೃಹಿಣಿ ತನ್ನ ಹಿತ್ತಿಲಲ್ಲಿ ಒಂದು ಬಗೆಯ ಗೆಡ್ಡೆ ಬೆಳೆಯುತ್ತಿದ್ದಳು. ಹೂವು ಸೂರ್ಯಕಾಂತಿಯಂತೆ, ಗಾತ್ರದಲ್ಲಿ ಚಿಕ್ಕದು. ಗೆಡ್ಡೆ ಶುಂಠಿಯಂತೆ ಗಂಟುಗಂಟು. ಓದಿದವರು ಅದನ್ನು ಜೆರುಸಲೆಮ್ ಆರ್ಟಿಚೋಕ್ ಎನ್ನುತ್ತಿದ್ದರು, ಅವಳು ಸೂರ್ಯಕಾಂತಿ ಗೆಡ್ಡೆ ಎನ್ನುತ್ತಿದ್ದಳು. ಮಳೆಗಾಲದ ಮೊದಲಿಗೆ ನೆಡಬೇಕು. ಗಿಡ ಮೊಣಕಾಲೆತ್ತರ ಬಂದಾಗ ಬುಡಕ್ಕೆ ಮಣ್ಣು ಏರಿಸಬೇಕು. ಹೂವು ಬಾಡಿ ಕಾಂಡ ಒಣಗಿದ ಮೇಲೆ ಅಗೆಯಬೇಕು. ಅಗೆದು ಬುಟ್ಟಿಯಲ್ಲಿಟ್ಟರೆ ನಾಲ್ಕಾರು ದಿನಕ್ಕೆ ಸುಕ್ಕುಗಟ್ಟುತ್ತದೆ. ಆದ್ದರಿಂದ ಮಣ್ಣೇ ಅದಕ್ಕೆ ಕಣಜ, ಅಡುಗೆಗೆ ಬೇಕಾದಷ್ಟನ್ನು ಅಂದಂದೇ ತೆಗೆಯಬೇಕು. ಗೆಡ್ಡೆ ಇರುವ ಜಾಗ ತಿಳಿಯಲೆಂದು ಒಣಗಿದ ಕಾಂಡವನ್ನು ಗೇಣುದ್ದ ಬಿಟ್ಟು ಕೊಯ್ಯುವುದು ಆ ಮನೆಯ ರೂಢಿ.

ಹಿತ್ತಿಲ ಬೇಲಿಗೆ ಅಗ್ನಿಶಿಖೆಯ ಬಳ್ಳಿ ಹಬ್ಬಿತ್ತು. ಗೌರಿ ಹಬ್ಬದ ಹೂವಿಗಾಗಿ ಹಾಕಿದ್ದು. ಅದರ ಬುಡದಲ್ಲೂ ಗೆಡ್ಡೆ ಇರುತ್ತದೆ. ಅದು ವಿಷ. ಮಳೆ ನಿಂತ ಮೇಲೆ ಅದೂ ಒಣಗಿ ಹೋಗುತ್ತದೆ. ಗೃಹಿಣಿಗೆ ಭಯವಿರಲಿಲ್ಲ. ಕಾಂಡದ ಮೋಟು ಇದ್ದಲ್ಲಿ ಅಗೆಯುತ್ತಿದ್ದಳು, ಇಲ್ಲದಲ್ಲಿ ಗುದ್ದಲಿ ಇಡುತ್ತಿರಲಿಲ್ಲ. ಆ ಗೆಡ್ಡೆಯ ವಿಷಯದಲ್ಲಿ ಅವಳ ಮಾತಿಗೆ ಊರಿನಲ್ಲಿ ಎದುರು ಮಾತಿರಲಿಲ್ಲ.

ಅವಳ ಮಗಳಿಗೆ ಒಂದು ಸಂಬಂಧ ಕೂಡಿ ಬಂತು. ವರನ ತಂದೆಗೆ ಸಕ್ಕರೆ ಕಾಯಿಲೆ, ಆಲೂಗಡ್ಡೆ ಮುಟ್ಟುವಂತಿರಲಿಲ್ಲ. ನಮ್ಮ ಮನೆಯ ಗೆಡ್ಡೆಯ ಪಲ್ಯ ತಿಂದು ನೋಡಲಿ ಎಂದು ಗೃಹಿಣಿ ಹೇಳಿ ಕಳಿಸಿದಳು. ಊಟ ಮುಗಿಸಿ ತಾಂಬೂಲ ಬದಲಾಯಿಸುವುದೆಂದು ದಿನ ಗೊತ್ತಾಯಿತು.

ಮನೆಗೆ ಹೊಸದಾಗಿ ಬಂದ ಸೊಸೆಯೊಬ್ಬಳಿದ್ದಳು. ಬೀಗರ ಕಣ್ಣಿಗೆ ಹಿತ್ತಿಲು ಚೊಕ್ಕಟವಾಗಿ ಕಾಣಲೆಂದು ಹಿಂದಿನ ದಿನ ಮೋಟುಗಳನ್ನೆಲ್ಲ ನೆಲಮಟ್ಟಕ್ಕೆ ಕೊಯ್ದು, ಸೆಗಣಿ ನೀರಿನಿಂದ ಸಾರಿಸಿಬಿಟ್ಟಳು. ಅತ್ತೆ ಅಡುಗೆಯ ಗಡಿಬಿಡಿಯಲ್ಲಿ ಅದನ್ನು ನೋಡಲಿಲ್ಲ.

ಮರುದಿನ ಬೀಗರು ಬಂದರು. ಅತ್ತೆ ಗೆಡ್ಡೆ ತರಲು ಹೇಳಿದಳು. ಸೊಸೆ ಅಂದಾಜಿನ ಮೇಲೆ ಅಗೆದು, ತೊಳೆದು, ಸಿಪ್ಪೆ ತೆಗೆದು ತಂದಳು. ಹೆಚ್ಚಿನವು ಗಂಟುಗಂಟಾಗಿದ್ದವು. ಕೆಲವು ಬೆರಳಿನಂತೆ ನುಣುಪಾಗಿ ಉದ್ದವಾಗಿದ್ದವು. ಸಿಪ್ಪೆ ಹೋದ ಮೇಲೆ ಎಲ್ಲವೂ ಬೆಳ್ಳಗೆ. ಅಡುಗೆಮನೆಯ ಬಾಗಿಲಲ್ಲಿ ವರನ ಸೋದರತ್ತೆ ಕುಳಿತಿದ್ದಳು.

ಸೊಸೆ ಮೆಲ್ಲನೆ ಕೇಳಿದಳು, "ಅತ್ತೆ, ಈ ಉದ್ದನೆಯವೂ ಅದೇ ಗೆಡ್ಡೆಯೇ?"

ಗೃಹಿಣಿ ನೋಡಿದಳು. ಹೌದೆನ್ನಲು ಅವಳಿಂದಾಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ. ಬಾಗಿಲಲ್ಲಿ ಕುಳಿತವಳು ತನ್ನ ಮುಖವನ್ನೇ ನೋಡುತ್ತಿದ್ದಾಳೆಂದು ಮಾತ್ರ ತಿಳಿಯಿತು.

"ನನ್ನ ಕೈಯಾರೆ ನೆಟ್ಟದ್ದು. ನನ್ನನ್ನೇ ಕೇಳುತ್ತೀಯಾ? ಹೆಚ್ಚಿ ಕೊಡು."

ಸೋದರತ್ತೆ ನಕ್ಕಳು. ಗೆಡ್ಡೆ ಹೊಟ್ಟೆಗೆ ವಾಯು ಎಂದು ಕೇಳಿದ್ದೇನೆ, ಸಂಜೆ ಗಾಡಿಯಲ್ಲಿ ಅಣ್ಣನ ಪಕ್ಕ ಕೂರುವ ಪಾಡು ನನ್ನದು ಎಂದಳು. ಎಲ್ಲರೂ ನಕ್ಕರು. ಗೃಹಿಣಿಯೂ ನಕ್ಕಳು.

ಒಗ್ಗರಣೆ ಹಾಕಿ ಪಲ್ಯ ಬೇಯಲು ಇಟ್ಟ ಮೇಲೆ ಅವಳು ಕೈ ತೊಳೆಯಲು ಹಿತ್ತಿಲಿಗೆ ಹೋದಳು. ಒಂದು ಮೋಟೂ ಇರಲಿಲ್ಲ. ಅಗೆದ ಗುಂಡಿ ಬೇಲಿಯ ಬದಿಯಲ್ಲಿತ್ತು. ಅವಳು ಅಲ್ಲೇ ನಿಂತಳು. ಒಳಗೆ ಹೋಗಿ, ಈ ಪಲ್ಯ ಬೇಡ, ನನಗೆ ಅನುಮಾನವಿದೆ ಎಂದರೆ ಮುಗಿಯುತ್ತಿತ್ತು. ಬೆಂದರೆ ವಿಷ ಹೋಗಬಹುದು ಎಂದುಕೊಂಡಳು. ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಎಲ್ಲಕ್ಕಿಂತ ಕೊನೆಗೆ ಬಡಿಸೋಣ, ಅಷ್ಟರಲ್ಲಿ ಅವರ ಹೊಟ್ಟೆ ತುಂಬಿರುತ್ತದೆ ಎಂದುಕೊಂಡು ಒಳಗೆ ಬಂದಳು.

ಎಲೆ ಹಾಕಿದರು. ಕೋಸಂಬರಿ ಬಂತು, ಹುಳಿ ಬಂತು. ವರನ ತಂದೆ ಅನ್ನ ಕಲಸದೆ ಕೈ ತಡೆದು ಕುಳಿತರು. ಆ ಗೆಡ್ಡೆಯ ಪಲ್ಯ ಬರಲಿ, ಅದಕ್ಕಾಗಿಯೇ ಬಂದದ್ದು ಎಂದರು. ಗೃಹಿಣಿ ಒಲೆಯ ಮೇಲಿನ ಬಾಣಲೆಯನ್ನು ಇಕ್ಕಳದಿಂದ ಹಿಡಿದೆತ್ತಿದಳು. ಎರಡು ಹೆಜ್ಜೆ ಇಟ್ಟಳು. ಮೂರನೆಯದು ಬರಲಿಲ್ಲ.

ಸೊಸೆ ಅತ್ತೆಯ ಕೈ ನಡುಗುವುದನ್ನು ಕಂಡಳು. ತಾನು ಕೇಳಿದ್ದಕ್ಕೆ ಉತ್ತರ ಆ ಕೈಯಲ್ಲಿತ್ತು. ಕೊಡಿ, ನಾನು ಬಡಿಸುತ್ತೇನೆ ಎಂದು ಇಕ್ಕಳ ತೆಗೆದುಕೊಂಡಳು. ಹೊಸ್ತಿಲ ಬಳಿ ಬಂದು ಕೈ ಬಿಟ್ಟಳು.

ಬಾಣಲೆ ಅವಳ ಬಲಗಾಲಿನ ಮೇಲೆ ಬಿತ್ತು. ಅವಳು ಗೋಡೆ ಹಿಡಿದು ನಿಂತಳು. ಪಡಸಾಲೆಯಲ್ಲಿದ್ದವರೆಲ್ಲ ಗೃಹಿಣಿಯ ಕಡೆ ನೋಡಿದರು. ಆಗಲೂ ಒಂದು ಮಾತಿಗೆ ಸಮಯವಿತ್ತು.

ಗೃಹಿಣಿ, "ನಿನ್ನ ಕೈಯಲ್ಲಿ ಜೀವವಿಲ್ಲವೇನೇ?" ಎಂದಳು.

ಸೊಸೆ ತಲೆ ತಗ್ಗಿಸಿದಳು.

ಬೀಗರು ಮಜ್ಜಿಗೆಯನ್ನ ಉಂಡು ಎದ್ದರು. ತಾಂಬೂಲದ ತಟ್ಟೆ ಇಟ್ಟಲ್ಲೇ ಉಳಿಯಿತು. ಶುಭದ ದಿನ ಹೊಸ್ತಿಲಲ್ಲಿ ಅನ್ನ ಚೆಲ್ಲಿದ ಮನೆ ಎಂದು ಸೋದರತ್ತೆ ಗಾಡಿ ಹತ್ತುವಾಗ ಹೇಳಿದಳು. ಅವರಿಂದ ಮತ್ತೆ ಸುದ್ದಿ ಬರಲಿಲ್ಲ. ಚೆಲ್ಲಿದ ಪಲ್ಯವನ್ನು ಗೃಹಿಣಿ ತಾನೇ ಬಳಿದು ಆಳವಾಗಿ ಹೂತಳು. ಮರುದಿನ ಬೇಲಿಯ ಬದಿಯನ್ನೆಲ್ಲ ಅಗೆಸಿದಳು. ಸೂರ್ಯಕಾಂತಿ ಗೆಡ್ಡೆ ನೆಲದೊಳಗೇ ಹರಿದು ಅಗ್ನಿಶಿಖೆಯ ಬುಡಕ್ಕೆ ಸೇರಿತ್ತು. ಎರಡೂ ಹೆಣೆದುಕೊಂಡಿದ್ದವು.

ಆ ಒಂದು ಮಾತನ್ನು ಆಡದೆ ಉಳಿಸಿಕೊಂಡದ್ದಕ್ಕೆ ಆ ಮನೆ ತೆತ್ತದ್ದು ಇಷ್ಟು. ಮಗಳ ಸಂಬಂಧ ಮುರಿಯಿತು. ಸೊಸೆಯ ಬಲಗಾಲಿನ ಬೆರಳುಗಳು ಒಂದಕ್ಕೊಂದು ಅಂಟಿ ವಾಸಿಯಾದವು, ಅವಳು ಕಡೆಯವರೆಗೂ ಕುಂಟಿದಳು. ಅದೇ ಮನೆಯಲ್ಲಿ, ಅದೇ ಒಲೆಯ ಮುಂದೆ ಇಬ್ಬರೂ ಬಹುಕಾಲ ಬಾಳಿದರು. ಸೊಸೆ ಅತ್ತೆಯನ್ನು ಮತ್ತೆ ಎಂದೂ ಏನನ್ನೂ ಕೇಳಲಿಲ್ಲ.

ಕಾತ್ಯಾಯಿನಮ್ಮನವರು ಕತೆ ನಿಲ್ಲಿಸಿದರು. ವಿಮಲಾಕ್ಷಿಗೆ ಸಮಾಧಾನವಾಗಲಿಲ್ಲ. ಅವಳು ವಿಜ್ಞಾನ ಓದಿದವಳು.

"ಹಾಗಾದರೆ ಅಮ್ಮಾ, ಆ ಬಾಣಲೆಯಲ್ಲಿ ವಿಷ ಇತ್ತೋ, ಇರಲಿಲ್ಲವೋ?"

ಕಾತ್ಯಾಯಿನಮ್ಮನವರ ಉತ್ತರ ದಿನಚರಿಯ ಆ ಪುಟದ ಕಡೆಯ ಸಾಲಿನಲ್ಲಿದೆ.

"ನನಗೆ ಗೊತ್ತಿಲ್ಲ, ತಾಯಿ."