ಗುಡ್ಡದ ನೆತ್ತಿಯ ಎರಡು ಕಂಬ

"ಮಗಳು ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದಾಳೆ. ಏನಾಯಿತೆಂದು ನಾನೂ ಕೇಳುತ್ತೇನೆ, ಅವಳ ತಾಯಿಯೂ ಕೇಳುತ್ತಾಳೆ. ಬಾಯಿಯೇ ಬಿಡುವುದಿಲ್ಲ. ಇನ್ನು ಹೇಗೆ ಕೇಳಬೇಕು, ಗುರುಗಳೇ?" ಎಂದು ಶಿಷ್ಯನೊಬ್ಬ ಕೇಳಿದ. ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. ಅವಳಿಗೆ ಬರೀ ಹಟ ಎಂದೂ ಹೇಳಿದ.

ಗುರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೇಷ್ಟ್ರು ಇದ್ದರು, ಒಬ್ಬ ವ್ಯಾಪಾರಿ ಇದ್ದ. ರೇಡಿಯೊದಲ್ಲಿ ದೂರದವರೊಡನೆ ಮಾತನಾಡುವುದು ಇಬ್ಬರ ಹವ್ಯಾಸ. ಒಂದು ಸೋಮವಾರ ಮೇಷ್ಟ್ರು ಮಕ್ಕಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದಾಗ ನದಿ ದಡ ಮೀರಿತು. ಸೇತುವೆ ಹೋಯಿತು, ಫೋನೂ ಹೋಯಿತು. ಆಚೆ ದಡದಲ್ಲಿ ಹಲವು ಹಳ್ಳಿಗಳು ಸಿಕ್ಕಿಬಿದ್ದವು. ಅವುಗಳಲ್ಲೊಂದರಲ್ಲಿ ಒಬ್ಬ ದಾದಿ ಇದ್ದಳು. ಅವಳ ಬಳಿಯೂ ಒಂದು ಸಣ್ಣ ರೇಡಿಯೊ ಇತ್ತು.

ಮರುದಿನ ಬೆಳಿಗ್ಗೆ ಇಬ್ಬರೂ ಯಂತ್ರಗಳನ್ನು ಹೊತ್ತು ಗುಡ್ಡ ಹತ್ತಿದರು. ವ್ಯಾಪಾರಿ ಪಟ್ಟಣದ ಅಧಿಕಾರಿಗಳೊಡನೆ ಮಾತನಾಡಿ ದೋಣಿಗಳನ್ನು ತರಿಸಬೇಕು. ಮೇಷ್ಟ್ರು ದಾದಿಯನ್ನು ಕರೆದು ದೋಣಿ ಎಲ್ಲಿಗೆ ಹೋಗಬೇಕೆಂದು ತಿಳಿಯಬೇಕು. ಕೆಲಸ ಹಾಗೆ ಹಂಚಿಕೆಯಾಗಿತ್ತು.

ಎರಡು ರೇಡಿಯೊಗಳ ಆಂಟೆನಾ ತಂತಿಗಳು ಒತ್ತಟ್ಟಿಗೆ ಇದ್ದರೆ, ಒಂದರಲ್ಲಿ ಮಾತನಾಡುವಾಗ ಇನ್ನೊಂದಕ್ಕೆ ಗದ್ದಲವಲ್ಲದೆ ಬೇರೇನೂ ಕೇಳಿಸದು. ಒಂದನ್ನು ಕೆಳಗಿನ ಹೊಲಕ್ಕೆ ಒಯ್ದು, ತಂತಿಯ ತುದಿ ಗುಡ್ಡದ ಕಡೆಗೆ ಇರುವಂತೆ ಕಟ್ಟಬೇಕು. ಇಬ್ಬರಿಗೂ ಇದು ಗೊತ್ತಿತ್ತು. ಆದರೆ ಎತ್ತರದಿಂದ ದನಿ ದೂರ ಹೋಗುತ್ತದೆಂದು ಆ ಹವ್ಯಾಸದವರಿಗೆ ಎತ್ತರವೆಂದರೆ ಪ್ರಾಣ. ಇಬ್ಬರೂ ನೆತ್ತಿಯ ಮೇಲೆಯೇ ಕಂಬ ನೆಟ್ಟರು.

ವ್ಯಾಪಾರಿ ಇನ್ನಷ್ಟು ದೋಣಿ ಬೇಕೆಂದು ಪಟ್ಟಣಕ್ಕೆ ಹೇಳುತ್ತಲೇ ಇದ್ದ. ಮೇಷ್ಟ್ರು ದಾದಿಯನ್ನು ಕರೆಯುತ್ತಲೇ ಇದ್ದರು. ಕಿವಿಗೆ ಬಂದದ್ದು ಬರೀ ಗರಗರ ಸದ್ದು. ಇಬ್ಬರೂ ತಮ್ಮ ತಮ್ಮ ಯಂತ್ರದ ಶಕ್ತಿ ಹೆಚ್ಚಿಸಿದರು. ಸದ್ದೂ ಹೆಚ್ಚಿತು.

"ನಿಮ್ಮ ತಂತಿ ಬಿಚ್ಚಿಕೊಂಡು ಕೆಳಗೆ ಹೋಗಿ ಮೇಷ್ಟ್ರೇ. ಎಲ್ಲರನ್ನೂ ಸುಮ್ಮನೆ ಕೂರಿಸೋಕೆ ಇದು ನಿಮ್ಮ ಶಾಲೆಯಲ್ಲ," ಎಂದ ವ್ಯಾಪಾರಿ.

"ನಿಮ್ಮ ಅಂಗಡಿಯೂ ಅಲ್ಲ ಸಾಹುಕಾರರೇ. ನೀವೇ ಹೋಗಿ," ಎಂದರು ಮೇಷ್ಟ್ರು.

ಯಾರೂ ಹೋಗಲಿಲ್ಲ. ಪಟ್ಟಣದಿಂದ ಒಂದು ದೋಣಿ ಬಂತು. ಯಾವ ಹಳ್ಳಿಗೆ ಮೊದಲು ಹೋಗಬೇಕೆಂದು ತಿಳಿಯದೆ ಅದು ದಡದಲ್ಲೇ ನಿಂತಿತು. ಅಂಬಿಗ ಎರಡು ಸಲ ಗುಡ್ಡ ಹತ್ತಿ ಬಂದು ಕೇಳಿದ. ದಾದಿ ಉತ್ತರವನ್ನೇ ಕೊಡುತ್ತಿಲ್ಲ, ನಾವೇನು ಮಾಡೋಣ ಎಂದು ಇಬ್ಬರೂ ಅವನ ಮೇಲೆಯೇ ರೇಗಿದರು. ಆ ಒಂದು ವಿಷಯದಲ್ಲಿ ಅವರಿಗೆ ಜಗಳವಿರಲಿಲ್ಲ.

ಹೊತ್ತು ಇಳಿಯಿತು. ವ್ಯಾಪಾರಿಯ ದನಿ ಕೇಳಿ ಕೇಳಿ ಮೇಷ್ಟ್ರಿಗೆ ತಲೆ ಕೆಟ್ಟಿತು. ಸಿಟ್ಟಿನಿಂದ ತಂತಿ ಬಿಚ್ಚಿಕೊಂಡು ಕೆಳಗಿನ ಹೊಲಕ್ಕೆ ಹೋದರು. ಒಂದು ಬೇವಿನ ಮರಕ್ಕೂ ಪಂಪ್‌ಸೆಟ್ ಮನೆಗೂ ನಡುವೆ ಅದನ್ನು ಕಟ್ಟಿದರು. ಒಂದೇ ಸಲ ಕರೆದರು. ದಾದಿಯ ದನಿ ಸ್ಪಷ್ಟವಾಗಿ ಬಂತು. ಅವಳ ಹಳ್ಳಿಯಲ್ಲಿ ಒಬ್ಬಳಿಗೆ ಹೆರಿಗೆ ಕಷ್ಟವಾಗಿತ್ತು.

ದೋಣಿ ಹೋಯಿತು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಶಿಷ್ಯನಿಗೆ ಸಿಟ್ಟು ಬಂತು. "ಆ ದಾದಿಗೆ ಏನಾಗಿತ್ತು? ಬೆಳಿಗ್ಗೆ ಮೇಷ್ಟ್ರು ಕರೆದಾಗಲೇ ಉತ್ತರ ಕೊಡಬಾರದಿತ್ತೇ?" ಎಂದ.

"ಪ್ರತಿ ಸಲವೂ ಕೊಟ್ಟಿದ್ದಳು," ಎಂದರು ಗುರು.