ಹೊನ್ನಕುಣಿಯ ಮೂರನೆಯ ಉತ್ತರ

ಹೊನ್ನಕುಣಿಯ ರಾಣಿಯ ಸಿಂಹಾಸನದ ಪಕ್ಕದಲ್ಲೇ ಕೂತು ಇದನ್ನೆಲ್ಲ ಕಣ್ಣಾರೆ ಕಂಡವನು ನಾನು. ಸುಳ್ಳು, ಬಿಡಿ, ನಾನಾಗ ಹುಟ್ಟೇ ಇರಲಿಲ್ಲ. ಡಂಗುರ ಸಾರಿದ್ದಂತೂ ನಿಜ: “ಚಿನ್ನದ ಗಣಿ ಕುಸಿದಿದೆ! ರಾಣಿಯ ಮೂರು ಒಗಟು ಬಿಡಿಸಿದವನಿಗೆ ಗಣಿಯ ಯಜಮಾನಿಕೆ, ತಪ್ಪಿದವನಿಗೆ ತಲೆದಂಡ!”

ಸೇನಾಪತಿಯ ಅಳಿಯ ಮೀಸೆ ತೀಡುತ್ತ ಬಂದ.

“ಬೆಟ್ಟವನ್ನೇ ತಲೆ ಮೇಲೆ ಹೊತ್ತು ಸುಮ್ಮನಿರುತ್ತಾನೆ. ಸಾಯುವಾಗ ಮಾತ್ರ ನರಳುತ್ತಾನೆ. ಯಾರವನು?” ಎಂದಳು ರಾಣಿ.

“ಮನೆಅಳಿಯ!” ಎಂದ, ಅನುಭವದಿಂದ. ಭಟರು ಎಳೆದೊಯ್ದರು. ಹಿಂದೆಯೇ ಬಂದ ವ್ಯಾಪಾರಿ “ಆದಿಶೇಷ” ಎಂದ. ಅವನನ್ನೂ ಎಳೆದೊಯ್ದರು. ತಲೆ ಹಾರಿತೋ ಉಳಿಯಿತೋ, ನಾನು ಒಬ್ಬೊಬ್ಬರಿಗೆ ಒಂದೊಂದು ಥರ ಹೇಳುತ್ತೇನೆ.

ಆಮೇಲೆ ಬಂದವನು ದುಗ್ಗ, ಗಣಿಯ ಚಾವಣಿಗೆ ಆನಿಸುವ ಮರದ ಕಂಬ ಹೊರುತ್ತಿದ್ದವನು. ಕುಸಿದ ದಿನ ಬದುಕಿ ಹೊರಬಂದವನು ಅವನೊಬ್ಬನೇ. ಅಂದಿನಿಂದ ಯಾರ ಮುಖವನ್ನೂ ನೋಡಿರಲಿಲ್ಲ. ತಲೆ ಹೋದರೆ ಹೋಗಲಿ, ಎತ್ತಲಂತೂ ಆಗುತ್ತಿಲ್ಲ ಎಂದುಕೊಂಡೇ ಬಂದಿದ್ದ.

“ಗಣಿಯ ಆನುಗಂಬ, ತಾಯಿ. ಬಂಡೆಯ ಭಾರ ಮೀರಿದರೆ ಮುರಿಯೋ ಮುಂಚೆ ಕಿರುಗುಟ್ಟುತ್ತೆ,” ಎಂದ ಅದೇ ಮೊದಲ ಒಗಟಿಗೆ.

“ಸುತ್ತಿಗೆಗೆ ಜಗ್ಗದ ಮೊಂಡ, ಒಣಮರಕ್ಕೆ ನೀರು ಕುಡಿಸಿದರೆ ಇಬ್ಭಾಗವಾಗುತ್ತಾನೆ. ಯಾರು?”

“ಬಂಡೆ. ಬಿರುಕಿಗೆ ಒಣ ಬೆಣೆ ಬಡಿದು ನೀರು ಹೊಯ್ದರೆ, ಬೆಣೆ ಉಬ್ಬಿ ಸೀಳುತ್ತೆ.”

“ಸಾವಿರ ಕಂಬ ಉಳಿಸಲಾರದ ಜೀವವನ್ನು ಉಳಿಸುತ್ತದೆ. ಎಲ್ಲರ ಬಳಿಯೂ ಇದೆ, ತೂಕವಿಲ್ಲ. ಹೊತ್ತು ಮೀರಿದರೆ ಉಪಯೋಗವಿಲ್ಲ. ಏನದು?”

ದುಗ್ಗನಿಗೆ ಉತ್ತರ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಮೂಲೆಯಲ್ಲಿ ಕೆಂಚವ್ವ ನಿಂತಿದ್ದಳು; ಅವಳ ಗಂಡ ಅಂದು ಕುಸಿದ ಬಂಡೆಯಡಿಯಲ್ಲೇ ಉಳಿದಿದ್ದ. ಭಟ ಕತ್ತಿ ಎತ್ತಿದ.

“ಕೂಗು,” ಎಂದ ದುಗ್ಗ, ನೆಲ ನೋಡುತ್ತ. “ಹಿಂದೊಮ್ಮೆ ಕಂಬ ಕಿರುಗುಟ್ಟಿತು ಅಂತ ಕೂಗಿದ್ದೆ. ಎಲ್ಲ ಹೊರಗೋಡಿ ಬಂದ್ರು, ಬಂಡೆ ಬೀಳಲಿಲ್ಲ. ಪುಕ್ಕಲ ದುಗ್ಗ ಅಂತ ನಕ್ಕರು. ಆ ದಿನ ಮತ್ತೆ ಕಿರುಗುಟ್ಟಿದಾಗ ಕೂಗೋಕೆ ನಾಚಿಕೆಯಾಯ್ತು. ನೀರು ಕುಡಿಯೋ ನೆಪ ಹೇಳಿ ಒಬ್ಬನೇ ಎದ್ದುಬಂದೆ.”

ರಾಣಿ ಯಜಮಾನಿಕೆಯ ಪೇಟ ಅವನ ತಲೆಗಿಟ್ಟಳು. ಬಗ್ಗಿದ ತಲೆಯಿಂದ ಅದು ಜಾರಿ ಬಿತ್ತು. ಕೆಂಚವ್ವ ಎತ್ತಿಕೊಂಡು ಅವನ ಕೈಗೆ ತುರುಕಿದಳು.

“ನನ್ನ ಗಂಡಾನೂ ನಕ್ಕಿದ್ದ ಕಣೋ, ಜೋರಾಗೇ. ಕ್ಷಮೆಗಿಮೆ ಕೇಳಬೇಡ, ನನ್ನ ಹತ್ರ ಇಲ್ಲ. ನಾಳೆ ನನ್ನ ತಮ್ಮ ಗಣಿಗಿಳೀತಾನೆ. ಕಿರುಗುಟ್ಟಿದ್ರೆ ಕೂಗು. ನೂರು ಸಲ ಸುಳ್ಳಾದ್ರೂ ಕೂಗು.”

ಮರುದಿನ ದುಗ್ಗ ಕೂಗಿದ. ಜನ ಓಡಿಬಂದರು, ಬಂಡೆ ಬೀಳಲಿಲ್ಲ. ಯಾರೂ ನಗಲಿಲ್ಲ, ಗಣಿಬಾಯಲ್ಲಿ ಕೆಂಚವ್ವ ನಿಂತಿದ್ದಳಲ್ಲ. ಅವನು ಮಾತ್ರ ಕೊನೆಯವನು ಹೊರಬರುವವರೆಗೂ ಒಳಗೇ ನಿಂತು ಕೂಗುತ್ತಿದ್ದ.

ಕೂಗಿ ಕೂಗಿ ಅವನ ಗಂಟಲು ಹೋಯಿತು, ಹೇಳಿ ಹೇಳಿ ನನ್ನದು. ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.